ನಿಧಾನ ಹಾರಾಟದ ಅಪಾಯ: ಲಘು ವಿಮಾನಗಳ ಸ್ಟಾಲ್ ಸುರಕ್ಷತೆಗೆ ಒಂದು ಶತಮಾನದ ಹುಡುಕಾಟ

ರನ್‌ವೇ ಕಣ್ಣೆದುರಿಗೇ ಇದೆ. ಎಂಜಿನ್ ಸರಿಯಾಗಿಯೇ ಓಡುತ್ತಿದೆ. ಆಕಾಶ ತಿಳಿಯಾಗಿದೆ. ಆದರೂ ನೆಲದಿಂದ ಐನೂರು ಅಡಿ ಎತ್ತರದಲ್ಲಿ ಕೊನೆಯ ತಿರುವು ತೆಗೆದುಕೊಳ್ಳುತ್ತಿದ್ದ ಪುಟ್ಟ ವಿಮಾನವೊಂದು ಇದ್ದಕ್ಕಿದ್ದಂತೆ ಒಂದು ಬದಿಗೆ ಮಗುಚಿ, ತಿರುಗುತ್ತ ನೆಲಕ್ಕೆ ಅಪ್ಪಳಿಸುತ್ತದೆ. ತನಿಖೆ ನಡೆದಾಗ ಯಂತ್ರದಲ್ಲಿ ಯಾವ ದೋಷವೂ ಕಂಡುಬರುವುದಿಲ್ಲ. ಜಗತ್ತಿನ ಲಘು ವಿಮಾನ ಅಪಘಾತಗಳ ವರದಿಗಳಲ್ಲಿ ಈ ಕಥೆ ಮತ್ತೆ ಮತ್ತೆ ಮರುಕಳಿಸುತ್ತದೆ. ಇದರ ಹಿಂದಿರುವ ಕಾರಣಕ್ಕೆ ವೈಮಾನಿಕ ಪರಿಭಾಷೆಯಲ್ಲಿ ಸ್ಟಾಲ್ ಎಂದು ಹೆಸರು.

ಈ ಅಪಾಯವನ್ನು ತಗ್ಗಿಸಲು ನಡೆದಿರುವ ಪ್ರಯತ್ನಗಳಿಗೆ ಒಂದು ಶತಮಾನಕ್ಕೂ ಮೀರಿದ ಇತಿಹಾಸವಿದೆ. ರೆಕ್ಕೆಯ ಆಕಾರ ಬದಲಾಗಿದೆ, ಎಚ್ಚರಿಕೆ ನೀಡುವ ಉಪಕರಣಗಳು ಬಂದಿವೆ, ಇಡೀ ವಿಮಾನವನ್ನೇ ಕೆಳಗಿಳಿಸುವ ಪ್ಯಾರಾಚೂಟ್ ಕೂಡ ಬಂದಿದೆ. ಆದರೆ ಸಂಕಟದ ಆ ಕ್ಷಣದಲ್ಲಿ ಪೈಲಟ್‌ನ ಕೈ ನಿಯಂತ್ರಣ ದಂಡವನ್ನು ತನ್ನತ್ತ ಎಳೆಯುತ್ತದೆಯೋ, ಮುಂದಕ್ಕೆ ದೂಡುತ್ತದೆಯೋ ಎಂಬುದೇ ಇಂದಿಗೂ ಬಹಳಷ್ಟು ಪ್ರಕರಣಗಳಲ್ಲಿ ಸಾವು ಬದುಕನ್ನು ನಿರ್ಧರಿಸುತ್ತಿದೆ.

ಸ್ಟಾಲ್ ಎಂದರೇನು?

ಸ್ಟಾಲ್ ಎಂದೊಡನೆ ಕಾರು ಓಡಿಸುವವರಿಗೆ ಎಂಜಿನ್ ನಿಂತುಹೋಗುವುದು ನೆನಪಾಗುತ್ತದೆ. ವಿಮಾನದ ಸ್ಟಾಲ್‌ಗೂ ಎಂಜಿನ್‌ಗೂ ನೇರ ಸಂಬಂಧವಿಲ್ಲ. ಎಂಜಿನ್ ಪೂರ್ಣ ಶಕ್ತಿಯಿಂದ ಗರ್ಜಿಸುತ್ತಿರುವಾಗಲೂ ವಿಮಾನ ಸ್ಟಾಲ್ ಆಗಬಲ್ಲದು. ಇಲ್ಲಿ ಕೆಲಸ ನಿಲ್ಲಿಸುವುದು ರೆಕ್ಕೆ.

ಬಸ್ಸಿನ ಕಿಟಕಿಯಿಂದ ಕೈ ಹೊರಗೆ ಚಾಚಬಾರದು ಎಂಬ ಸೂಚನೆಯನ್ನು ಮೀರಿದ ಬಾಲ್ಯದ ಅನುಭವ ಅನೇಕರಿಗಿರುತ್ತದೆ. ಅಂಗೈಯನ್ನು ನೆಲಕ್ಕೆ ಸಮಾನಾಂತರವಾಗಿ ಹಿಡಿದರೆ ಗಾಳಿ ಸೀಳಿಕೊಂಡು ಹೋಗುತ್ತದೆ. ಮುಂದಿನ ಅಂಚನ್ನು ಸ್ವಲ್ಪ ಮೇಲೆತ್ತಿದರೆ ಕೈ ತಾನಾಗಿಯೇ ಮೇಲಕ್ಕೇರುತ್ತದೆ. ಇನ್ನಷ್ಟು ಎತ್ತುತ್ತ ಹೋದರೆ ಒಂದು ಹಂತದ ನಂತರ ಮೇಲಕ್ಕೇರುವ ಬಲ ಕುಗ್ಗಿ, ಗಾಳಿ ಕೈಯನ್ನು ಹಿಂದಕ್ಕೆ ತಳ್ಳತೊಡಗುತ್ತದೆ. ವಿಮಾನದ ರೆಕ್ಕೆಯಲ್ಲೂ ನಡೆಯುವುದು ಬಹುಮಟ್ಟಿಗೆ ಇದೇ.

ರೆಕ್ಕೆಯು ಎದುರಿನಿಂದ ಬರುವ ಗಾಳಿಗೆ ಒಡ್ಡಿಕೊಂಡಿರುವ ಕೋನವನ್ನು ಆ್ಯಂಗಲ್ ಆಫ್ ಅಟ್ಯಾಕ್ ಎನ್ನುತ್ತಾರೆ. ಇದನ್ನು ಎದುರುಗಾಳಿ ಕೋನ ಎಂದು ಕರೆಯಬಹುದು. ಈ ಕೋನ ಹೆಚ್ಚಿದಂತೆ ರೆಕ್ಕೆಯ ಎತ್ತುಬಲ ಹೆಚ್ಚುತ್ತದೆ. ಆದರೆ ಸಾಮಾನ್ಯ ಲಘು ವಿಮಾನದಲ್ಲಿ ಸುಮಾರು 15ರಿಂದ 18 ಡಿಗ್ರಿ ದಾಟುತ್ತಿದ್ದಂತೆ, ರೆಕ್ಕೆಯ ಮೇಲ್ಮೈಗೆ ಅಂಟಿಕೊಂಡು ಹರಿಯುತ್ತಿದ್ದ ಗಾಳಿ ಅದರಿಂದ ಕಳಚಿಕೊಂಡು ಸುಳಿಸುಳಿಯಾಗುತ್ತದೆ. ಎತ್ತುಬಲ ಕುಸಿಯುತ್ತದೆ, ಗಾಳಿಯ ಪ್ರತಿರೋಧ ಏರುತ್ತದೆ, ವಿಮಾನ ಎತ್ತರ ಕಳೆದುಕೊಳ್ಳುತ್ತದೆ. ಇದೇ ಸ್ಟಾಲ್.

ವೇಗವಲ್ಲ, ಕೋನ

ವಿಮಾನ ತೀರಾ ನಿಧಾನವಾದಾಗ ಮಾತ್ರ ಸ್ಟಾಲ್ ಆಗುತ್ತದೆ ಎಂಬುದು ವ್ಯಾಪಕವಾಗಿರುವ ತಪ್ಪು ಕಲ್ಪನೆ. ಕೈಪಿಡಿಗಳಲ್ಲಿ ನಮೂದಾಗಿರುವ ಸ್ಟಾಲ್ ವೇಗ ಈ ಕಲ್ಪನೆಗೆ ಪುಷ್ಟಿ ನೀಡುತ್ತದೆ. ಆದರೆ ಆ ಅಂಕಿ ಅನ್ವಯವಾಗುವುದು ನಿರ್ದಿಷ್ಟ ತೂಕದಲ್ಲಿ, ನೇರ ಹಾರಾಟದಲ್ಲಿ ಮಾತ್ರ. ರೆಕ್ಕೆಗೆ ನಿಜವಾದ ಮಿತಿಯಿರುವುದು ಕೋನಕ್ಕೆ. ಆ ಮಿತಿಯನ್ನು ಯಾವ ವೇಗದಲ್ಲಾದರೂ ದಾಟಬಹುದು.

ವಿಶ್ವದಾದ್ಯಂತ ತರಬೇತಿಗೆ ಬಳಕೆಯಾಗುವ ಸೆಸ್ನಾ 172ಎಸ್ ವಿಮಾನವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಫ್ಲ್ಯಾಪ್ ಬಳಸದೆ ನೇರವಾಗಿ ಹಾರುವಾಗ ಇದರ ಸ್ಟಾಲ್ ವೇಗ 48 ನಾಟ್, ಅಂದರೆ ಗಂಟೆಗೆ ಸುಮಾರು 89 ಕಿ.ಮೀ. ಫ್ಲ್ಯಾಪ್ ಪೂರ್ಣ ಇಳಿಸಿದಾಗ 40 ನಾಟ್. ಎತ್ತರ ಕಳೆದುಕೊಳ್ಳದೆ ತಿರುವು ತೆಗೆದುಕೊಳ್ಳಬೇಕಾದರೆ ರೆಕ್ಕೆ ವಿಮಾನದ ತೂಕಕ್ಕಿಂತ ಹೆಚ್ಚಿನ ಹೊರೆ ಹೊರಬೇಕಾಗುತ್ತದೆ. ಹೊರೆ ಹೆಚ್ಚಿದಂತೆ ಸ್ಟಾಲ್ ವೇಗವೂ ಏರುತ್ತದೆ. ವಿಮಾನ 30 ಡಿಗ್ರಿ ವಾಲಿದಾಗ 48 ನಾಟ್ ಸುಮಾರು 52 ಆಗುತ್ತದೆ. 45 ಡಿಗ್ರಿಗೆ 57. 60 ಡಿಗ್ರಿ ವಾಲಿದಾಗ ರೆಕ್ಕೆ ತೂಕದ ಎರಡರಷ್ಟು ಹೊರೆ ಹೊರುತ್ತದೆ, ಸ್ಟಾಲ್ ವೇಗ 68 ನಾಟ್ ತಲುಪುತ್ತದೆ.

ಅಂದರೆ ನೇರ ಹಾರಾಟದಲ್ಲಿ ಸಂಪೂರ್ಣ ಸುರಕ್ಷಿತವಾಗಿದ್ದ 65 ನಾಟ್ ವೇಗ, ಕಡಿದಾದ ತಿರುವಿನಲ್ಲಿ ಮಾರಕವಾಗಬಹುದು. ವೇಗಸೂಚಕದ ಮುಳ್ಳು ಕದಲಿರುವುದಿಲ್ಲ, ಬದಲಾಗಿರುವುದು ಪೈಲಟ್ ರೆಕ್ಕೆಯಿಂದ ಕೇಳುತ್ತಿರುವ ಕೆಲಸ. ತೂಕವೂ ಇದೇ ರೀತಿ ಪರಿಣಾಮ ಬೀರುತ್ತದೆ. ಹಿಂಬದಿಯಲ್ಲಿ ಹೆಚ್ಚು ಸರಕು ತುಂಬಿ ಗುರುತ್ವ ಕೇಂದ್ರ ಹಿಂದಕ್ಕೆ ಸರಿದರೆ, ಸ್ಟಾಲ್‌ನಿಂದ ಹೊರಬರುವುದು ಇನ್ನಷ್ಟು ಕಷ್ಟವಾಗುತ್ತದೆ.

ಕೊನೆಯ ತಿರುವಿನಲ್ಲಿ ಕಾದಿರುವ ಬಲೆ

ಇಳಿಯಲು ಬರುವ ಲಘು ವಿಮಾನ ಸಾಮಾನ್ಯವಾಗಿ ನೆಲದಿಂದ ಸಾವಿರ ಅಡಿ ಎತ್ತರದಲ್ಲಿ ರನ್‌ವೇಗೆ ಸಮಾನಾಂತರವಾಗಿ ಹಾರಿ, ಎರಡು ತಿರುವು ಪಡೆದು ರನ್‌ವೇಯ ನೇರಕ್ಕೆ ಬರುತ್ತದೆ. ಎರಡನೆಯ ತಿರುವಿನ ಹೊತ್ತಿಗೆ ಎತ್ತರ ಐನೂರು ಅಡಿಯ ಆಸುಪಾಸಿಗೆ ಇಳಿದಿರುತ್ತದೆ. ಹಿಂದಿನಿಂದ ಗಾಳಿ ಬೀಸುತ್ತಿದ್ದರೆ ವಿಮಾನ ರನ್‌ವೇಯ ನೇರವನ್ನು ದಾಟಿ ಆಚೆಗೆ ಹೋಗುವ ಸಂಭವ ಹೆಚ್ಚು.

ಆಗ ಏನಾಗುತ್ತದೆ ಎಂಬುದನ್ನು ತರಬೇತುದಾರರು ಪ್ರತಿ ವಿದ್ಯಾರ್ಥಿಗೂ ವಿವರಿಸುತ್ತಾರೆ. ರನ್‌ವೇ ಕೈತಪ್ಪುತ್ತಿದೆ ಎಂದುಕೊಂಡ ಪೈಲಟ್ ಬೇಗ ತಿರುಗಲು ಬಯಸುತ್ತಾನೆ. ಆದರೆ ನೆಲ ಹತ್ತಿರದಲ್ಲಿರುವುದರಿಂದ ವಿಮಾನವನ್ನು ಹೆಚ್ಚು ವಾಲಿಸಲು ಹೆದರುತ್ತಾನೆ. ಬದಲಿಗೆ ಕಾಲಿನಿಂದ ರಡ್ಡರ್ ಒತ್ತಿ ಮೂತಿಯನ್ನು ರನ್‌ವೇ ಕಡೆಗೆ ತಿರುಗಿಸಲು ಯತ್ನಿಸುತ್ತಾನೆ. ಇದರಿಂದ ಹೊರಬದಿಯ ರೆಕ್ಕೆ ವೇಗವಾಗಿ ಚಲಿಸಿ ಮೇಲೇಳುತ್ತದೆ, ವಿಮಾನ ತಾನಾಗಿಯೇ ಇನ್ನಷ್ಟು ವಾಲುತ್ತದೆ. ಅದನ್ನು ತಡೆಯಲು ಪೈಲಟ್ ವಿರುದ್ಧ ದಿಕ್ಕಿಗೆ ಐಲರಾನ್ ಕೊಡುತ್ತಾನೆ. ಆಗ ಒಳಬದಿಯ ರೆಕ್ಕೆಯ ಐಲರಾನ್ ಕೆಳಗಿಳಿದು ಅಲ್ಲಿನ ಎದುರುಗಾಳಿ ಕೋನ ಇನ್ನೂ ಹೆಚ್ಚುತ್ತದೆ. ಈ ನಡುವೆ ಮೂತಿ ಕೆಳಗಿಳಿಯುತ್ತದೆ. ನೆಲ ಕಾಣುತ್ತಿದ್ದಂತೆ ಕೈ ದಂಡವನ್ನು ಹಿಂದಕ್ಕೆ ಎಳೆಯುತ್ತದೆ.

ಇಷ್ಟಾದರೆ ಸಾಕು. ಒಳಬದಿಯ ರೆಕ್ಕೆ ಮೊದಲು ಸ್ಟಾಲ್ ಆಗುತ್ತದೆ, ವಿಮಾನ ಆ ಕಡೆಗೆ ಉರುಳಿ ಸ್ಪಿನ್‌ಗೆ, ಅಂದರೆ ಬುಗುರಿಯಂತೆ ಸುತ್ತುತ್ತ ಬೀಳುವ ಸ್ಥಿತಿಗೆ ಜಾರುತ್ತದೆ. ಸಾಮಾನ್ಯ ಲಘು ವಿಮಾನವೊಂದು ಸ್ಪಿನ್‌ನ ಒಂದು ಸುತ್ತಿಗೆ ಸುಮಾರು ಮೂರು ಸೆಕೆಂಡ್ ತೆಗೆದುಕೊಂಡು ಐನೂರು ಅಡಿಯಷ್ಟು ಎತ್ತರ ಕಳೆದುಕೊಳ್ಳುತ್ತದೆ. ತಿರುವಿನಲ್ಲಿ ಪೈಲಟ್ ಬಳಿ ಇದ್ದದ್ದೇ ಅಷ್ಟು.

ಇದಕ್ಕೆ ಪರಿಹಾರ ಅತ್ಯಂತ ಸರಳ. ರನ್‌ವೇಯ ನೇರ ತಪ್ಪಿದರೆ ಅದನ್ನು ಬಲವಂತವಾಗಿ ಹಿಡಿಯಲು ಹೋಗದೆ, ಎಂಜಿನ್ ಶಕ್ತಿ ಹೆಚ್ಚಿಸಿ ಮೇಲಕ್ಕೇರಿ ಇನ್ನೊಂದು ಸುತ್ತು ಹಾಕಿ ಬರುವುದು. ಇದನ್ನು ಗೋ ಅರೌಂಡ್ ಎನ್ನುತ್ತಾರೆ. ಇಷ್ಟು ಸರಳವಾದ ನಿರ್ಧಾರ ಆ ಕ್ಷಣದಲ್ಲಿ ಹೊಳೆಯದಿರುವುದೇ ಅನೇಕ ದುರಂತಗಳ ಮೂಲ.

ಆರಂಭದ ಬಲಿಗಳು, ಮೊದಲ ಪಾಠಗಳು

ಸ್ಟಾಲ್‌ಗೆ ಬಲಿಯಾದವರ ಪಟ್ಟಿ ವಿಮಾನ ಹುಟ್ಟುವ ಮೊದಲೇ ಆರಂಭವಾಯಿತು. ಜರ್ಮನಿಯ ಗ್ಲೈಡರ್ ಪ್ರವರ್ತಕ ಆಟ್ಟೊ ಲಿಲಿಯಂಥಾಲ್ 1896ರ ಆಗಸ್ಟ್ 9ರಂದು ಸುಮಾರು 15 ಮೀಟರ್ ಎತ್ತರದಲ್ಲಿ ಗ್ಲೈಡರ್ ಸ್ಟಾಲ್ ಆಗಿ ಬಿದ್ದು, ಮರುದಿನ ಅಸುನೀಗಿದರು.

ಸ್ಪಿನ್‌ಗೆ ಸಿಲುಕಿ ಬದುಕಿ ಬಂದು ಅದನ್ನು ವಿವರವಾಗಿ ದಾಖಲಿಸಿದವರಲ್ಲಿ ಮೊದಲಿಗರು ಬ್ರಿಟನ್ನಿನ ಲೆಫ್ಟಿನೆಂಟ್ ವಿಲ್ಫ್ರೆಡ್ ಪಾರ್ಕ್. 1912ರ ಆಗಸ್ಟ್ 25ರಂದು ಸಾಲಿಸ್‌ಬರಿ ಬಯಲಿನ ಮೇಲೆ ಅವರ ಆವ್ರೊ ವಿಮಾನ ಎಡಕ್ಕೆ ಸುತ್ತುತ್ತ ಬೀಳತೊಡಗಿತು. ದಂಡವನ್ನು ಹಿಂದಕ್ಕೆ ಎಳೆದದ್ದು ಫಲಿಸಲಿಲ್ಲ. ಕೊನೆಯ ಯತ್ನವಾಗಿ ಸುತ್ತಿನ ವಿರುದ್ಧ ದಿಕ್ಕಿಗೆ, ಬಲಕ್ಕೆ, ರಡ್ಡರ್ ಒತ್ತಿದರು. ಸುತ್ತು ನಿಂತು, ನೆಲಕ್ಕೆ ಕೇವಲ 50 ಅಡಿಯಷ್ಟು ಅಂತರದಲ್ಲಿ ವಿಮಾನ ಹತೋಟಿಗೆ ಬಂತು. ಈ ಘಟನೆ ಪಾರ್ಕ್ಸ್ ಡೈವ್ ಎಂದೇ ಇತಿಹಾಸದಲ್ಲಿ ದಾಖಲಾಗಿದೆ. ಅದೇ ವರ್ಷ ಡಿಸೆಂಬರ್‌ನಲ್ಲಿ ಮತ್ತೊಂದು ಅಪಘಾತದಲ್ಲಿ ಪಾರ್ಕ್ ಮೃತಪಟ್ಟರು.

ಬ್ರಿಟನ್ನಿನ ಫಾರ್ನ್‌ಬರೋದಲ್ಲಿ 1917ರಲ್ಲಿ ಭೌತವಿಜ್ಞಾನಿ ಫ್ರೆಡರಿಕ್ ಲಿಂಡೆಮನ್ ಸ್ವತಃ ವಿಮಾನ ಹಾರಿಸಲು ಕಲಿತು, ಬೇಕೆಂದೇ ಸ್ಪಿನ್‌ಗೆ ಒಳಪಡಿಸಿ ಅಳತೆಗಳನ್ನು ದಾಖಲಿಸಿದರು. ಸ್ಪಿನ್ ಎಂಬುದು ದೈವದ ಮುನಿಸಲ್ಲ, ಒಂದು ರೆಕ್ಕೆ ಇನ್ನೊಂದಕ್ಕಿಂತ ಹೆಚ್ಚು ಸ್ಟಾಲ್ ಆದಾಗ ಉಂಟಾಗುವ ಸ್ಥಿತಿ, ಅದರಿಂದ ಕ್ರಮಬದ್ಧವಾಗಿ ಹೊರಬರಬಹುದು ಎಂಬುದಕ್ಕೆ ಇಂಥ ಪ್ರಯೋಗಗಳು ವೈಜ್ಞಾನಿಕ ತಳಹದಿ ಒದಗಿಸಿದವು. ಇದೇ ಲಿಂಡೆಮನ್ ಮುಂದೆ ವಿನ್‌ಸ್ಟನ್ ಚರ್ಚಿಲ್ ಅವರ ವೈಜ್ಞಾನಿಕ ಸಲಹೆಗಾರರಾದರು.

ರೆಕ್ಕೆಯನ್ನೇ ತಿದ್ದುವ ಪ್ರಯತ್ನ

ಪೈಲಟ್ ತಪ್ಪು ಮಾಡುವುದು ಖಚಿತವಾದರೆ ರೆಕ್ಕೆಯನ್ನೇ ಸೌಮ್ಯವಾಗಿಸಬಾರದೇಕೆ ಎಂಬ ಪ್ರಶ್ನೆ ಬೇಗನೆ ಹುಟ್ಟಿತು. 1917ರಲ್ಲಿ ಸ್ಟಾಲ್‌ನಿಂದಾಗಿ ಬಿದ್ದು ಆಸ್ಪತ್ರೆ ಸೇರಿದ ಜರ್ಮನಿಯ ಗುಸ್ತಾವ್ ಲಾಖ್‌ಮನ್, ಹಾಸಿಗೆಯಲ್ಲೇ ಒಂದು ಉಪಾಯ ಹೊಳೆಯಿಸಿಕೊಂಡರು. ರೆಕ್ಕೆಯ ಮುಂದಿನ ಅಂಚಿನಲ್ಲಿ ಉದ್ದನೆಯ ಸೀಳು ಇಟ್ಟರೆ, ಅದರೊಳಗಿಂದ ನುಗ್ಗುವ ಗಾಳಿ ಮೇಲ್ಮೈಯ ಹರಿವಿಗೆ ಬಲ ತುಂಬಿ ಅದು ಕಳಚಿಕೊಳ್ಳುವುದನ್ನು ಮುಂದೂಡುತ್ತದೆ. ಬ್ರಿಟನ್ನಿನ ಹ್ಯಾಂಡ್ಲಿ ಪೇಜ್ ಸಂಸ್ಥೆ ಸ್ವತಂತ್ರವಾಗಿ ಇದೇ ದಾರಿಯಲ್ಲಿತ್ತು. ಮುಂದೆ ಇಬ್ಬರೂ ಕೈಜೋಡಿಸಿದರು. ಭಾರತದ ಫ್ಲೈಯಿಂಗ್ ಕ್ಲಬ್‌ಗಳಲ್ಲಿ ಒಂದು ತಲೆಮಾರಿನ ಪೈಲಟ್‌ಗಳನ್ನು ರೂಪಿಸಿದ ಟೈಗರ್ ಮಾತ್ ವಿಮಾನದ ಮೇಲಿನ ರೆಕ್ಕೆಗಳಲ್ಲಿ ಇಂಥ ಸ್ವಯಂಚಾಲಿತ ಸೀಳುಪಟ್ಟಿಗಳಿದ್ದವು.

1920ರ ದಶಕದ ಕೊನೆಯಲ್ಲಿ ಅಮೆರಿಕದ ಡೇನಿಯಲ್ ಗುಗೆನ್‌ಹೈಮ್ ನಿಧಿ ಸುರಕ್ಷಿತ ವಿಮಾನಕ್ಕಾಗಿ ಒಂದು ಲಕ್ಷ ಡಾಲರ್ ಬಹುಮಾನದ ಸ್ಪರ್ಧೆ ಏರ್ಪಡಿಸಿತು. ಗಂಟೆಗೆ 35 ಮೈಲಿಯಂಥ ಕಡಿಮೆ ವೇಗದಲ್ಲೂ ಹತೋಟಿ ತಪ್ಪದೆ ಹಾರುವುದು ಷರತ್ತುಗಳಲ್ಲೊಂದಾಗಿತ್ತು. ಸೀಳುಪಟ್ಟಿ ಹಾಗೂ ಫ್ಲ್ಯಾಪ್‌ಗಳನ್ನು ಅಳವಡಿಸಿಕೊಂಡಿದ್ದ ಕರ್ಟಿಸ್ ಟ್ಯಾನೇಜರ್ ಬಹುಮಾನ ಗೆದ್ದಿತು. ನಿಧಾನ ಹಾರಾಟವೂ ಒಂದು ಸಾಧನೆ ಎಂಬುದು ಆಗ ಸಾರ್ವಜನಿಕವಾಗಿ ಮಾನ್ಯವಾಯಿತು.

ಇನ್ನೂ ಮುಂದೆ ಹೋದವರು ಎಂಜಿನಿಯರ್ ಫ್ರೆಡ್ ವೈಕ್. 1937ರಲ್ಲಿ ಮೊದಲು ಹಾರಿದ ಅವರ ಎರ್ಕೂಪ್ ವಿಮಾನದಲ್ಲಿ ರಡ್ಡರ್ ಪೆಡಲ್‌ಗಳೇ ಇರಲಿಲ್ಲ. ರಡ್ಡರ್ ಮತ್ತು ಐಲರಾನ್ ಒಂದೇ ಚಕ್ರಕ್ಕೆ ಜೋಡಣೆಯಾಗಿದ್ದವು. ದಂಡವನ್ನು ಪೂರ್ಣ ಎಳೆದರೂ ರೆಕ್ಕೆ ಸ್ಟಾಲ್ ಕೋನ ತಲುಪದಂತೆ ಎಲಿವೇಟರ್ ಮೇಲ್ಮುಖ ಚಲನೆಗೆ ಮಿತಿ ಹಾಕಲಾಗಿತ್ತು. ಸ್ವಭಾವತಃ ಸ್ಪಿನ್ ಆಗದ ವಿಮಾನವೆಂದು ಸರ್ಕಾರವೇ ಇದಕ್ಕೆ ಪ್ರಮಾಣಪತ್ರ ನೀಡಿತು. 5,000ಕ್ಕೂ ಹೆಚ್ಚು ವಿಮಾನಗಳು ತಯಾರಾದವು. ಆದರೂ ಅಪಘಾತಗಳು ಸಂಪೂರ್ಣ ನಿಲ್ಲಲಿಲ್ಲ. ಸ್ಟಾಲ್ ಆಗದಿದ್ದರೂ, ತೀರಾ ನಿಧಾನವಾಗಿ ಬಂದರೆ ವಿಮಾನ ವೇಗವಾಗಿ ಕುಸಿಯುತ್ತಿತ್ತು. ಆ ಕುಸಿತವನ್ನು ತಡೆಯಲು ಬೇಕಾದ ಎಲಿವೇಟರ್ ಬಲ ಪೈಲಟ್ ಬಳಿ ಉಳಿದಿರುತ್ತಿರಲಿಲ್ಲ.

ಇಂದಿನ ಹೆಚ್ಚಿನ ಲಘು ವಿಮಾನಗಳು ಮಧ್ಯಮ ಮಾರ್ಗ ಹಿಡಿದಿವೆ. ರೆಕ್ಕೆಯನ್ನು ತುದಿಯತ್ತ ತುಸು ಕೆಳಕ್ಕೆ ತಿರುಚಿರುತ್ತಾರೆ. ಹೀಗಾಗಿ ಒಡಲಿಗೆ ಹತ್ತಿರದ ಭಾಗ ಮೊದಲು ಸ್ಟಾಲ್ ಆಗುತ್ತದೆ, ತುದಿಯಲ್ಲಿರುವ ಐಲರಾನ್ ಸ್ವಲ್ಪ ಹೊತ್ತು ಕೆಲಸ ಮಾಡುತ್ತಿರುತ್ತದೆ. ಅಮೆರಿಕದ ನಾಸಾ 1970 ಮತ್ತು 80ರ ದಶಕಗಳಲ್ಲಿ ಲ್ಯಾಂಗ್ಲಿ ಕೇಂದ್ರದಲ್ಲಿ ಗ್ರಮ್ಮನ್ ಅಮೆರಿಕನ್ ಯಾಂಕಿ ಸೇರಿದಂತೆ ಹಲವು ಲಘು ವಿಮಾನಗಳನ್ನು ಬಳಸಿ ದೀರ್ಘ ಸಂಶೋಧನೆ ನಡೆಸಿತು. ರೆಕ್ಕೆಯ ಹೊರಭಾಗದ ಮುಂದಿನ ಅಂಚನ್ನು ಕೆಳಕ್ಕೆ ಬಾಗಿಸಿ, ಒಳಭಾಗದೊಂದಿಗೆ ಸೇರುವಲ್ಲಿ ಥಟ್ಟನೆ ಮೆಟ್ಟಿಲಿನಂತೆ ಬಿಟ್ಟರೆ, ಅಲ್ಲಿ ಹುಟ್ಟುವ ಸುಳಿಯು ಸ್ಟಾಲ್ ತುದಿಗೆ ಹರಡದಂತೆ ತಡೆಯುತ್ತದೆ ಎಂಬುದು ಅದರ ಮುಖ್ಯ ಫಲ. 1998ರಲ್ಲಿ ಪ್ರಮಾಣಪತ್ರ ಪಡೆದ ಸಿರಸ್ ಎಸ್‌ಆರ್20 ವಿಮಾನದ ರೆಕ್ಕೆಯಲ್ಲಿ ಈ ಮೆಟ್ಟಿಲನ್ನು ಬರಿಗಣ್ಣಿನಿಂದಲೇ ಕಾಣಬಹುದು.

ಕೂಗಿ ಎಚ್ಚರಿಸುವ ಯಂತ್ರಗಳು

ಎರಡನೆಯ ಮಹಾಯುದ್ಧದ ನಂತರ ಸ್ಟಾಲ್ ಎಚ್ಚರಿಕೆ ಉಪಕರಣಗಳು ಬಳಕೆಗೆ ಬಂದವು. ಅನೇಕ ಸೆಸ್ನಾ ವಿಮಾನಗಳಲ್ಲಿ ಎಡ ರೆಕ್ಕೆಯ ಮುಂದಿನ ಅಂಚಿನಲ್ಲಿ ಸಣ್ಣ ರಂಧ್ರವಿರುತ್ತದೆ. ಕೋನ ಹೆಚ್ಚಿದಾಗ ಅಲ್ಲಿ ಒತ್ತಡ ತಗ್ಗಿ, ಹಾರ್ಮೋನಿಯಂ ರೀಡಿನಂಥ ಪೀಪಿಯೊಳಗಿಂದ ಗಾಳಿ ಎಳೆಯಲ್ಪಟ್ಟು ಸದ್ದು ಹೊರಡುತ್ತದೆ. ವಿದ್ಯುತ್ತೇ ಬೇಡ. ಪೈಪರ್‌ನಂಥ ಇತರ ವಿಮಾನಗಳಲ್ಲಿ ಗಾಳಿಗೆ ಅಲುಗಾಡುವ ಪುಟ್ಟ ರೆಪ್ಪೆಯೊಂದು ಸ್ವಿಚ್ಚಿನಂತೆ ಕೆಲಸ ಮಾಡುತ್ತದೆ.

ಆದರೆ ಈ ಸದ್ದು ಅಪಾಯ ಹತ್ತಿರವಾಗಿದೆ ಎಂದಷ್ಟೇ ಹೇಳುತ್ತದೆ, ಇನ್ನೆಷ್ಟು ಅಂತರ ಉಳಿದಿದೆ ಎಂಬುದನ್ನು ಹೇಳುವುದಿಲ್ಲ. ಆ ಕೊರತೆ ನೀಗುವುದು ಎದುರುಗಾಳಿ ಕೋನವನ್ನೇ ತೋರಿಸುವ ಸೂಚಕ. ವಿಮಾನವಾಹಕ ನೌಕೆಗಳ ಮೇಲೆ ಇಳಿಯುವ ಯುದ್ಧ ವಿಮಾನಗಳ ಪೈಲಟ್‌ಗಳಿಗೆ ಇದು ದಶಕಗಳಿಂದ ಪರಿಚಿತ. ಲಘು ವಿಮಾನಗಳಲ್ಲಿ ಇದರ ಅಳವಡಿಕೆಗೆ ಇದ್ದ ಪ್ರಮಾಣೀಕರಣದ ತೊಡಕುಗಳನ್ನು ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ 2014ರಲ್ಲಿ ಸಡಿಲಿಸಿತು. ಮರುವರ್ಷ ಅಲ್ಲಿನ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ, ಲಘು ವಿಮಾನಗಳು ಹತೋಟಿ ತಪ್ಪುವುದನ್ನು ತಡೆಯುವುದನ್ನು ತನ್ನ ಆದ್ಯತಾ ಪಟ್ಟಿಗೆ ಸೇರಿಸಿತು.

ಇಡೀ ವಿಮಾನಕ್ಕೆ ಪ್ಯಾರಾಚೂಟ್ ಅಳವಡಿಸಿದ ಸಿರಸ್ ವಿಮಾನಗಳ ಅನುಭವ ಇಲ್ಲಿ ಗಮನಾರ್ಹ. 2002ರ ಅಕ್ಟೋಬರ್‌ನಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಈ ಪ್ಯಾರಾಚೂಟ್ ಮೊದಲ ಬಾರಿಗೆ ಪೈಲಟ್‌ನ ಜೀವ ಉಳಿಸಿತು. ಆದರೂ ಆರಂಭದ ವರ್ಷಗಳಲ್ಲಿ ಈ ವಿಮಾನಗಳ ಮಾರಣಾಂತಿಕ ಅಪಘಾತಗಳ ಪ್ರಮಾಣ ನಿರೀಕ್ಷೆಯಂತೆ ತಗ್ಗಲಿಲ್ಲ. ಪ್ಯಾರಾಚೂಟನ್ನು ಯಾವಾಗ ಎಳೆಯಬೇಕು ಎಂಬುದನ್ನೇ ಕೇಂದ್ರವಾಗಿಟ್ಟುಕೊಂಡು ತರಬೇತಿ ಬದಲಾದ ಮೇಲೆ, 2010ರ ದಶಕದಲ್ಲಿ ಅದು ಸ್ಪಷ್ಟವಾಗಿ ಇಳಿಯಿತು. ಪ್ಯಾರಾಚೂಟ್‌ಗೂ ಮಿತಿಯಿದೆ. ಎಸ್‌ಆರ್22 ಮಾದರಿಯ ಆರಂಭದ ಕೈಪಿಡಿಯ ಪ್ರಕಾರ, ಒಂದು ಸುತ್ತಿನ ಸ್ಪಿನ್‌ನಿಂದ ಪ್ಯಾರಾಚೂಟ್ ಬಿಚ್ಚಿಕೊಳ್ಳುವಷ್ಟರಲ್ಲಿ 920 ಅಡಿ ಎತ್ತರ ಕಳೆದುಹೋಗುತ್ತದೆ. ಐನೂರು ಅಡಿಯ ಕೊನೆಯ ತಿರುವಿನಲ್ಲಿ ಅದೂ ನೆರವಿಗೆ ಬಾರದು.

ನಿಧಾನವೇ ಕೌಶಲದ ಒರೆಗಲ್ಲು

ಶಾಲಾ ಕ್ರೀಡೋತ್ಸವಗಳಲ್ಲಿ ನಡೆಯುವ ನಿಧಾನ ಸೈಕಲ್ ಸ್ಪರ್ಧೆಯನ್ನು ನೋಡಿದವರಿಗೆ ನಿಧಾನ ಹಾರಾಟದ ಕಷ್ಟ ಸುಲಭವಾಗಿ ಅರ್ಥವಾಗುತ್ತದೆ. ವೇಗವಾಗಿ ಓಡುವ ಸೈಕಲ್ ತಾನಾಗಿ ನಿಲ್ಲುತ್ತದೆ. ನಿಧಾನವಾದಂತೆ ಹ್ಯಾಂಡಲ್ ಹೆಚ್ಚು ತಿರುಗಿಸಬೇಕು, ಪ್ರತಿ ಅಲುಗಾಟಕ್ಕೂ ಸ್ಪಂದಿಸಬೇಕು. ವಿಮಾನವೂ ಹಾಗೆಯೇ. ವೇಗ ತಗ್ಗಿದಂತೆ ನಿಯಂತ್ರಣಗಳು ಸಡಿಲವಾಗುತ್ತವೆ, ಸಣ್ಣ ಬದಲಾವಣೆಗೂ ದಂಡವನ್ನು ಹೆಚ್ಚು ಸರಿಸಬೇಕಾಗುತ್ತದೆ. ಐಲರಾನ್ ಕೊಟ್ಟ ಕಡೆಗೆ ವಿರುದ್ಧವಾಗಿ ಮೂತಿ ಎಳೆಯತೊಡಗುತ್ತದೆ. ಅದನ್ನು ರಡ್ಡರ್‌ನಿಂದ ಸರಿದೂಗಿಸಬೇಕು.

ಇನ್ನೊಂದು ವಿಚಿತ್ರವೂ ಇದೆ. ಒಂದು ಮಿತಿಗಿಂತ ನಿಧಾನವಾದ ಮೇಲೆ, ಇನ್ನೂ ನಿಧಾನವಾಗಿ ಅದೇ ಎತ್ತರದಲ್ಲಿ ಹಾರಲು ಕಡಿಮೆಯಲ್ಲ, ಹೆಚ್ಚು ಎಂಜಿನ್ ಶಕ್ತಿ ಬೇಕಾಗುತ್ತದೆ. ರೆಕ್ಕೆಯ ಕೋನ ಹೆಚ್ಚಿ ಪ್ರತಿರೋಧವೂ ಏರುವುದೇ ಇದಕ್ಕೆ ಕಾರಣ. ಈ ಸ್ಥಿತಿಯಲ್ಲಿ ಮೂತಿ ಎತ್ತಿದರೆ ವಿಮಾನ ಮೇಲೇರುವ ಬದಲು ಕೆಳಗಿಳಿಯುತ್ತದೆ. ಇದನ್ನು ಪುಸ್ತಕದಲ್ಲಿ ಓದಿ ತಿಳಿಯುವುದಕ್ಕೂ ಕೈಯಿಂದ ಅನುಭವಿಸಿ ತಿಳಿಯುವುದಕ್ಕೂ ಅಜಗಜಾಂತರವಿದೆ.

ಈ ತರಬೇತಿ ಹೇಗಿರಬೇಕು ಎಂಬ ಬಗ್ಗೆ ಭಿನ್ನಾಭಿಪ್ರಾಯವೂ ಇದೆ. ಅಮೆರಿಕದಲ್ಲಿ ಮೊದಲು ವಿದ್ಯಾರ್ಥಿಗಳು ಸ್ಟಾಲ್ ಎಚ್ಚರಿಕೆಯ ಸದ್ದು ಮೊಳಗುತ್ತಿರುವಾಗಲೇ ನಿಧಾನ ಹಾರಾಟ ಅಭ್ಯಾಸ ಮಾಡುತ್ತಿದ್ದರು. 2016ರಲ್ಲಿ ಎಫ್‌ಎಎ ಪರೀಕ್ಷಾ ಮಾನದಂಡ ಬದಲಿಸಿ, ಸದ್ದು ಕೇಳಿಸದಷ್ಟು ವೇಗದಲ್ಲಿ ಹಾರಬೇಕು ಎಂದು ಸೂಚಿಸಿತು. ಎಚ್ಚರಿಕೆಯನ್ನು ಕೇಳಿಯೂ ಕೇಳದಂತೆ ಹಾರುವುದು ಅಭ್ಯಾಸವಾಗಬಾರದು ಎಂಬುದು ಅದರ ವಾದ. ಅಂಚಿನ ಅನುಭವವಿಲ್ಲದ ಪೈಲಟ್ ಅಂಚಿಗೆ ಬಂದಾಗ ಗಾಬರಿಯಾಗುತ್ತಾನೆ ಎಂಬುದು ಅನೇಕ ಹಿರಿಯ ತರಬೇತುದಾರರ ಪ್ರತಿವಾದ. ಎರಡರಲ್ಲೂ ಸತ್ಯಾಂಶವಿದೆ. ಸ್ಟಾಲ್ ಅಭ್ಯಾಸ ಪಠ್ಯದಲ್ಲಿ ಪ್ರತ್ಯೇಕವಾಗಿ ಉಳಿದಿರುವುದರಿಂದ, ಎಚ್ಚರಿಕೆಯ ಸದ್ದಿಗೆ ತಕ್ಷಣ ಸ್ಪಂದಿಸುವುದನ್ನೂ ಅಂಚಿನ ಅನುಭವವನ್ನೂ ಬೇರೆಬೇರೆಯಾಗಿ ಕಲಿಸಲು ಅವಕಾಶವಿದೆ.

ಬೆಂಗಳೂರಿನ ಜಕ್ಕೂರಿನಂತೆ ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿರುವ ನೆಲೆಗಳಲ್ಲಿ ಕಲಿಯುವವರು ಇನ್ನೊಂದು ಅಂಶ ಗಮನಿಸಬೇಕು. ಗಾಳಿ ತೆಳುವಾಗಿರುವುದರಿಂದ ವೇಗಸೂಚಕ ಅದೇ ಅಂಕಿ ತೋರಿಸಿದರೂ ನೆಲ ಹೆಚ್ಚು ವೇಗವಾಗಿ ಹಿಂದೆ ಸರಿಯುತ್ತಿರುತ್ತದೆ. ಹಿಂಗಾಳಿಯಿದ್ದರೆ ಇನ್ನೂ ಹೆಚ್ಚು. ಕಣ್ಣನ್ನು ನಂಬಿ ವೇಗ ತಗ್ಗಿಸಿದವನು ಸ್ಟಾಲ್ ಅಂಚಿಗೆ ಸರಿಯುತ್ತಾನೆ. ಬಿಸಿಲೇರಿದ ಮಧ್ಯಾಹ್ನ ಎಂಜಿನ್ ಶಕ್ತಿಯೂ ಕುಂದುವುದರಿಂದ ಚೇತರಿಸಿಕೊಳ್ಳಲು ಇರುವ ಆಸರೆ ಮತ್ತಷ್ಟು ಕಡಿಮೆ.

ಮೊದಲು ದೂಡು, ಉಳಿದದ್ದು ಆಮೇಲೆ

ಸ್ಟಾಲ್‌ನಿಂದ ಹೊರಬರುವ ಕ್ರಮ ಒಂದೇ ವಾಕ್ಯದ್ದು: ದಂಡವನ್ನು ಮುಂದಕ್ಕೆ ದೂಡಿ ಕೋನ ತಗ್ಗಿಸುವುದು. ಆನಂತರ ರೆಕ್ಕೆ ಸಮತಟ್ಟಾಗಿಸುವುದು, ಶಕ್ತಿ ಹೆಚ್ಚಿಸುವುದು, ನಿಧಾನವಾಗಿ ಮೇಲಕ್ಕೇರುವುದು. ಆದರೆ ಬೀಳುತ್ತಿರುವಾಗ, ಗಾಜಿನ ತುಂಬ ನೆಲವೇ ಕಾಣುತ್ತಿರುವಾಗ ಮೂತಿಯನ್ನು ಇನ್ನೂ ಕೆಳಗಿಳಿಸುವುದು ಮನುಷ್ಯನ ಸಹಜ ಪ್ರವೃತ್ತಿಗೆ ವಿರುದ್ಧ. ಅಭ್ಯಾಸದಿಂದಲ್ಲದೆ ಇದು ಸಾಧ್ಯವಾಗುವುದಿಲ್ಲ.

ಇದು ಕಲಿಕೆಯ ಹಂತದವರಿಗೆ ಸೀಮಿತವಾದ ದೌರ್ಬಲ್ಯವಲ್ಲ. 2009ರ ಫೆಬ್ರುವರಿಯಲ್ಲಿ ಅಮೆರಿಕದ ಬಫಲೋ ಬಳಿ ಪತನಗೊಂಡು 50 ಜನರ ಸಾವಿಗೆ ಕಾರಣವಾದ ಕೋಲ್ಗನ್ ವಿಮಾನದಲ್ಲಿ, ಎಚ್ಚರಿಕೆ ಬಂದ ಮೇಲೆ ಕ್ಯಾಪ್ಟನ್ ದಂಡವನ್ನು ಹಿಂದಕ್ಕೆ ಎಳೆದಿದ್ದರು. ಅದೇ ವರ್ಷ ಜೂನ್ 1ರಂದು 228 ಜನರೊಂದಿಗೆ ಅಟ್ಲಾಂಟಿಕ್ ಸಾಗರಕ್ಕೆ ಬಿದ್ದ ಏರ್ ಫ್ರಾನ್ಸ್ 447 ವಿಮಾನವೂ ಮೂತಿ ಮೇಲೆತ್ತಿದ ಸ್ಥಿತಿಯಲ್ಲೇ ಸ್ಟಾಲ್ ಆಗಿ ಕುಸಿಯಿತು. ಈ ದುರಂತಗಳ ನಂತರ, ಎತ್ತರ ಕಳೆದುಕೊಳ್ಳದಂತೆ ಶಕ್ತಿ ಬಳಸಿ ಹೊರಬರಬೇಕು ಎಂಬ ಹಳೆಯ ಒತ್ತು ಹಿಂದೆ ಸರಿದು, ಮೊದಲು ಕೋನ ತಗ್ಗಿಸಬೇಕು ಎಂಬುದು ಜಾಗತಿಕ ತರಬೇತಿಯ ಮೂಲಮಂತ್ರವಾಯಿತು. ಯುರೋಪ್‌ನಲ್ಲಿ ವಾಣಿಜ್ಯ ಪೈಲಟ್ ಆಗಬಯಸುವವರಿಗೆ, ಹತೋಟಿ ತಪ್ಪಿದ ವಿಮಾನವನ್ನು ಮರಳಿ ಹಿಡಿಯುವ ವಿಶೇಷ ತರಬೇತಿ 2019ರ ಡಿಸೆಂಬರ್‌ನಿಂದ ಕಡ್ಡಾಯವಾಗಿದೆ.

ಸ್ಪಿನ್ ಆದಾಗ ನಾಲ್ಕು ಹೆಜ್ಜೆಗಳು ಬೇಕು. ಎಂಜಿನ್ ಶಕ್ತಿ ಪೂರ್ಣ ತಗ್ಗಿಸುವುದು, ಐಲರಾನ್ ಮಧ್ಯಕ್ಕೆ ತರುವುದು, ಸುತ್ತಿನ ವಿರುದ್ಧ ದಿಕ್ಕಿಗೆ ಪೂರ್ಣ ರಡ್ಡರ್ ಒತ್ತುವುದು, ದಂಡವನ್ನು ಮುಂದಕ್ಕೆ ದೂಡುವುದು. ಸುತ್ತು ನಿಂತೊಡನೆ ರಡ್ಡರ್ ಮಧ್ಯಕ್ಕೆ ತಂದು ಮೆಲ್ಲನೆ ಮೇಲೆತ್ತಬೇಕು. ಆಯಾ ವಿಮಾನದ ಕೈಪಿಡಿ ಬೇರೆ ಕ್ರಮ ಹೇಳಿದರೆ ಅದೇ ಅಂತಿಮ. ಅಮೆರಿಕದಲ್ಲಿ 1949ರಲ್ಲಿ ಖಾಸಗಿ ಪೈಲಟ್ ಪರವಾನಗಿಗೆ ಸ್ಪಿನ್ ತರಬೇತಿಯ ಕಡ್ಡಾಯ ಕೈಬಿಡಲಾಯಿತು. ಸ್ಪಿನ್‌ನಿಂದ ಹೊರಬರುವುದಕ್ಕಿಂತ ಅದಕ್ಕೆ ಜಾರದಿರುವುದನ್ನು ಕಲಿಸುವುದೇ ಮೇಲು ಎಂಬುದು ಆ ನಿರ್ಧಾರದ ತಿರುಳಾಗಿತ್ತು. ಈ ಚರ್ಚೆ ಇನ್ನೂ ಮುಗಿದಿಲ್ಲ.

ಬೆಂಗಳೂರು ಕಲಿತ ಪಾಠ

ಭಾರತದ ತರಬೇತಿ ವಿಮಾನಗಳ ಇತಿಹಾಸ ಬಹುಮಟ್ಟಿಗೆ ಬೆಂಗಳೂರಿನ ಇತಿಹಾಸವೇ. ವಿ.ಎಂ. ಘಾಟಗೆ ನೇತೃತ್ವದಲ್ಲಿ ರೂಪುಗೊಂಡ ಎಚ್‌ಟಿ–2 ವಿಮಾನ 1951ರಲ್ಲಿ ಇಲ್ಲಿ ಹಾರಿತು. 1958ರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್‌ನ ಪುಷ್ಪಕ್ ಬಂದು ದೇಶದ ಫ್ಲೈಯಿಂಗ್ ಕ್ಲಬ್‌ಗಳನ್ನು ತಲುಪಿತು. ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ ಎರಡು ಆಸನಗಳ ಹಂಸ 1993ರಲ್ಲಿ ಮೊದಲು ಹಾರಿತು. ಅದರ ಹೊಸ ರೂಪ ಹಂಸ–ಎನ್‌ಜಿ 2021ರ ಸೆಪ್ಟೆಂಬರ್ 3ರಂದು ಆಕಾಶಕ್ಕೇರಿತು.

ಸ್ಟಾಲ್ ಮತ್ತು ಸ್ಪಿನ್ ಸ್ವಭಾವವನ್ನು ತಿದ್ದುವುದು ಎಷ್ಟು ಕಷ್ಟ ಎಂಬುದಕ್ಕೆ ಎಚ್‌ಎಎಲ್‌ನ ಎಚ್‌ಜೆಟಿ–36 ಜೆಟ್ ತರಬೇತಿ ವಿಮಾನವೇ ಸಾಕ್ಷಿ. ಇದು ಲಘು ವಿಮಾನಗಳ ವರ್ಗಕ್ಕೆ ಸೇರದಿದ್ದರೂ ಸಮಸ್ಯೆ ಒಂದೇ. 2003ರ ಮಾರ್ಚ್‌ನಲ್ಲಿ ಮೊದಲು ಹಾರಿದ ಇದರ ಸ್ಪಿನ್ ಪರೀಕ್ಷೆಗಳಲ್ಲಿ 2016ರಲ್ಲಿ ಅನಿರೀಕ್ಷಿತ ವರ್ತನೆ ಕಂಡುಬಂದು ಹಾರಾಟ ಸ್ಥಗಿತಗೊಂಡಿತು. ಲಂಬ ಬಾಲವನ್ನು ಹಿಂದಕ್ಕೆ ಸರಿಸಿ, ರಡ್ಡರ್ ಉದ್ದ ಹೆಚ್ಚಿಸಿದ ಮೇಲೆ 2019ರ ಏಪ್ರಿಲ್‌ನಲ್ಲಿ ವಿಮಾನ ಮತ್ತೆ ಹಾರಿತು. ಎಡಕ್ಕೂ ಬಲಕ್ಕೂ ಆರು ಸುತ್ತುಗಳ ಸ್ಪಿನ್‌ನಿಂದ ಸುರಕ್ಷಿತವಾಗಿ ಹೊರಬರುವ ಸಾಮರ್ಥ್ಯವನ್ನು ತೋರಿಸಿದ್ದು 2022ರ ಹೊತ್ತಿಗೆ. 2025ರಲ್ಲಿ ಅದಕ್ಕೆ ಯಶಸ್ ಎಂದು ಮರುನಾಮಕರಣವಾಯಿತು. ಈ ನಡುವೆ 2016ರ ಮೇ 31ರಂದು ಮೊದಲು ಹಾರಿದ ಎಚ್‌ಟಿಟಿ–40 ಕೂಡ ಆರು ಸುತ್ತುಗಳ ಸ್ಪಿನ್ ಪರೀಕ್ಷೆ ಪೂರೈಸಿತು.

ತರಬೇತಿ ವಿಮಾನಕ್ಕೆ ಇಷ್ಟೊಂದು ಕಠಿಣ ಪರೀಕ್ಷೆ ಏಕೆ ಎಂಬ ಪ್ರಶ್ನೆ ಸಹಜ. ಅದರಲ್ಲಿ ಕೂರುವವನು ತಪ್ಪು ಮಾಡಿಯೇ ಕಲಿಯಬೇಕಾದವನು. ಆ ತಪ್ಪು ಅವನ ಕೊನೆಯ ತಪ್ಪಾಗದಂತೆ ನೋಡಿಕೊಳ್ಳುವುದು ವಿನ್ಯಾಸಕಾರರ ಹೊಣೆ. ಆದರೆ ವಿನ್ಯಾಸಕಾರರು ಅವನಿಗೆ ಕೊಡಬಲ್ಲದ್ದು ಕೆಲವು ಡಿಗ್ರಿ, ಕೆಲವು ನಾಟ್, ಕೆಲವು ಸೆಕೆಂಡುಗಳ ಬಿಡುವನ್ನು ಮಾತ್ರ. ಆ ಬಿಡುವಿನಲ್ಲಿ ಕೈ ಸರಿಯಾದ ದಿಕ್ಕಿಗೆ ಚಲಿಸುವಂತೆ ಮಾಡುವುದು ಅಭ್ಯಾಸವೊಂದೇ.

ನೆನಪಿಡಬೇಕಾದ ಅಂಶಗಳು

- ಸ್ಟಾಲ್ ಆಗುವುದು ಎದುರುಗಾಳಿ ಕೋನದ ಮಿತಿ ಮೀರಿದಾಗ. ಇದು ಯಾವ ವೇಗದಲ್ಲೂ ಸಂಭವಿಸಬಹುದು.
- ಎತ್ತರ ಕಾಯ್ದುಕೊಂಡು 45 ಡಿಗ್ರಿ ವಾಲಿ ತಿರುಗಿದರೆ ಸ್ಟಾಲ್ ವೇಗ ಶೇ 19ರಷ್ಟು, 60 ಡಿಗ್ರಿ ವಾಲಿದರೆ ಶೇ 41ರಷ್ಟು ಏರುತ್ತದೆ.
- ಕೊನೆಯ ತಿರುವಿನಲ್ಲಿ ರನ್‌ವೇ ನೇರ ತಪ್ಪಿದರೆ ರಡ್ಡರ್‌ನಿಂದ ಮೂತಿ ಎಳೆಯಬಾರದು. ಮೇಲಕ್ಕೇರಿ ಮತ್ತೊಂದು ಸುತ್ತು ಹಾಕಬೇಕು.
- ಎಚ್ಚರಿಕೆಯ ಸದ್ದು ಕೇಳಿದೊಡನೆ ಮೊದಲ ಕೆಲಸ ದಂಡವನ್ನು ಮುಂದಕ್ಕೆ ದೂಡುವುದು.
- ಸ್ಟಾಲ್ ಅಭ್ಯಾಸ ಸಾಕಷ್ಟು ಎತ್ತರದಲ್ಲಿ, ಅರ್ಹ ತರಬೇತುದಾರರೊಂದಿಗೆ ಮಾತ್ರ. ನೆಲದಿಂದ ಕನಿಷ್ಠ 1,500 ಅಡಿಗೆ ಮೊದಲೇ ಚೇತರಿಕೆ ಪೂರ್ಣಗೊಳ್ಳಬೇಕೆಂಬುದು ಒಂದೇ ಎಂಜಿನ್‌ನ ವಿಮಾನಗಳಿಗೆ ಅಮೆರಿಕದ ಪರೀಕ್ಷಾ ಮಾನದಂಡ.